ಜಾಲತಾಣದ ಹೆಸರು ಯಾರದು? ವಿಳಾಸ ಮುಚ್ಚಿಡುವುದೂ ಬೇಕು, ಕೇಳುವ ದಾರಿಯೂ ಬೇಕು



ನಮ್ಮ ಗಡಿನಾಡಿನ ಸಂಘಗಳು, ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿ ಬಳಗಗಳು, ಯಕ್ಷಗಾನ ಮತ್ತು ಭಜನಾ ಮಂಡಳಿಗಳು, ಸಣ್ಣ ಪತ್ರಿಕೆಗಳು ಒಂದೊಂದಾಗಿ ಸ್ವಂತ ಜಾಲತಾಣ ಮಾಡಿಕೊಳ್ಳುತ್ತಿವೆ. ಸಂತೋಷದ ವಿಷಯ. ಹೊಸದಾಗಿ ತಾಣ ತೆರೆಯುವವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಒಂದು: ತಾಣದ ಹೆಸರು ನೋಂದಾಯಿಸುವಾಗ ಮನೆ ವಿಳಾಸ, ಫೋನ್ ನಂಬರು ಕೊಟ್ಟರೆ ಅದು ಲೋಕಕ್ಕೆಲ್ಲ ಕಾಣುತ್ತದೆಯೇ? ಇನ್ನೊಂದು: ನಮ್ಮ ಸಂಘದ ಹೆಸರಿನಲ್ಲಿ ಯಾರೋ ನಕಲಿ ತಾಣ ಮಾಡಿ ದೇಣಿಗೆ ಎತ್ತಿದರೆ, ಅವರು ಯಾರೆಂದು ನಮಗೆ ತಿಳಿಯುತ್ತದೆಯೇ?

ಮೊದಲನೆಯ ಪ್ರಶ್ನೆ ಕೇಳುವವರಿಗೆ ವಿವರ ಮುಚ್ಚಿರಬೇಕು. ಎರಡನೆಯದನ್ನು ಕೇಳುವವರಿಗೆ ತೆರೆದಿರಬೇಕು. ಎಷ್ಟೋ ಸಲ ಎರಡನ್ನೂ ಕೇಳುವವರು ಒಬ್ಬರೇ. ಇದರಲ್ಲಿ ತಪ್ಪೇನಿಲ್ಲ. ಈ ಎರಡು ಬೇಡಿಕೆಗಳ ನಡುವೆ ಜಗತ್ತಿನಾದ್ಯಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗ್ಗಾಟ ನಡೆದಿದೆ. ಅದರ ಕಥೆಯನ್ನೂ, ಅದರಿಂದ ನಮ್ಮಂಥ ಸಣ್ಣ ಸಂಸ್ಥೆಗಳು ತಿಳಿದುಕೊಳ್ಳಬೇಕಾದದ್ದನ್ನೂ ಇಲ್ಲಿ ಬರೆದಿದ್ದೇವೆ.

ಹೆಸರಿನ ಹಿಂದೆ ಒಂದು ಪುಸ್ತಕ

ತಾಣದ ಹೆಸರು, ಅಂದರೆ ಡೊಮೇನ್ ಹೆಸರು, ನಾವು ಕೊಂಡು ಇಟ್ಟುಕೊಳ್ಳುವ ಆಸ್ತಿಯಲ್ಲ. ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ಬಳಸುವ ಹಕ್ಕು ಮಾತ್ರ. ಈ ವ್ಯವಹಾರದಲ್ಲಿ ಮೂವರು ಇದ್ದಾರೆ. ಹೆಸರನ್ನು ಪಡೆಯುವ ನಾವು ನೋಂದಣಿದಾರರು. ನಮಗೆ ಹೆಸರನ್ನು ಮಾರುವ ಕಂಪನಿ ರಿಜಿಸ್ಟ್ರಾರ್. ಒಂದು ಬಾಲಕ್ಕೆ ಸೇರಿದ ಎಲ್ಲ ಹೆಸರುಗಳ ಮೂಲ ಪುಸ್ತಕವನ್ನು ಇಟ್ಟುಕೊಂಡಿರುವುದು ರಿಜಿಸ್ಟ್ರಿ. ಬಾಲ ಎಂದರೆ ಹೆಸರಿನ ಕೊನೆಯಲ್ಲಿ ಬರುವ ಡಾಟ್ ಕಾಮ್, ಡಾಟ್ ಇನ್ ಮುಂತಾದವು. ಡಾಟ್ ಕಾಮ್ ಪುಸ್ತಕ ಅಮೆರಿಕದ ವೆರಿಸೈನ್ ಕಂಪನಿಯ ಬಳಿ ಇದೆ. ನಮ್ಮ ದೇಶದ ಡಾಟ್ ಇನ್ ಮತ್ತು ಕನ್ನಡ ಲಿಪಿಯ ಡಾಟ್ ಭಾರತ ಇವುಗಳ ಪುಸ್ತಕ ನಿಕ್ಸಿ ಎಂದು ಕರೆಯುವ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಬಳಿ ಇದೆ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಸಾಮಾನ್ಯ ಬಾಲಗಳಿಗೆ ನಿಯಮ ಮಾಡುವುದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಕಾನ್ ಎಂಬ ಲಾಭರಹಿತ ಸಂಸ್ಥೆ. ದೇಶಗಳ ಬಾಲಗಳಿಗೆ ಆಯಾ ದೇಶದ ನಿಯಮ.

ಭೂಮಿಯ ದಾಖಲೆ ನಮಗೆಲ್ಲ ಗೊತ್ತಿರುವುದೇ. ಸೊಲ್ಲಾಪುರ, ಜತ್ತದ ಕಡೆ ಸಾತ್‌ಬಾರಾ ಎನ್ನುತ್ತಾರೆ. ಹೊಸೂರು, ತಾಳವಾಡಿಯಲ್ಲಿ ಪಟ್ಟಾ ಚಿಟ್ಟಾ. ಆದೋನಿ, ಮಡಕಶಿರದಲ್ಲಿ ಅಡಂಗಲ್. ಕರ್ನಾಟಕ, ತೆಲಂಗಾಣದಲ್ಲಿ ಪಹಣಿ. ಹೆಸರು ಬೇರೆಯಾದರೂ ಕೆಲಸ ಒಂದೇ: ಈ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಎಂದು ತಿಳಿಸುವುದು. ಡೊಮೇನ್ ಪುಸ್ತಕವೂ ಹಾಗೆಯೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪಹಣಿಯಲ್ಲಿ ಒಡೆಯನ ಫೋನ್ ನಂಬರು, ಮಿಂಚಂಚೆ ಕಾಣುವುದಿಲ್ಲ. ಡೊಮೇನ್ ಪುಸ್ತಕದಲ್ಲಿ ಹೆಸರು, ಬೀದಿ, ಊರು, ಪಿನ್‌ಕೋಡ್, ಫೋನ್, ಮಿಂಚಂಚೆ ಎಲ್ಲವೂ ಇರುತ್ತಿದ್ದವು. ಅದನ್ನು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಕಾರಣ ಹೇಳದೆ, ಹಣ ಕೊಡದೆ ನೋಡಬಹುದಾಗಿತ್ತು.

ಪುಸ್ತಕ ತೆರೆದಿದ್ದ ಕಾಲ

ಹೀಗೆ ತೆರೆದಿಟ್ಟವರ ಉದ್ದೇಶ ಕೆಟ್ಟದಾಗಿರಲಿಲ್ಲ. ಅಂತರ್ಜಾಲಕ್ಕೆ ಮೊದಲು ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಜಾಲವಿತ್ತು. ಅದರ ಮಾಹಿತಿ ಕೇಂದ್ರ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿತ್ತು; ಎಲಿಜಬೆತ್ ಫೈನ್ಲರ್ ಎಂಬುವರು ಅದರ ಮುಖ್ಯಸ್ಥೆ. ಅಲ್ಲಿಂದ 1982ರಲ್ಲಿ 'ಹೂಈಸ್' ಎಂಬ ವಿಚಾರಣಾ ಸೇವೆಯ ನಿಯಮ ಪ್ರಕಟವಾಯಿತು. ಹೂಈಸ್ ಎಂದರೆ 'ಯಾರಿವರು' ಎಂದೇ ಅರ್ಥ. ಜಾಲ ಬಳಸುವ ಪ್ರತಿಯೊಬ್ಬರೂ ಪೂರ್ಣ ಹೆಸರು, ಅಂಚೆ ವಿಳಾಸ, ಫೋನ್, ಮಿಂಚಂಚೆ ಕೊಟ್ಟು ಪಟ್ಟಿಗೆ ಸೇರಬೇಕೆಂದು ಅದರಲ್ಲಿ ಕೇಳಿದ್ದರು. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯ, ಸರ್ಕಾರಿ ಪ್ರಯೋಗಾಲಯಗಳ ಜನ. ಯಂತ್ರ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯುವುದಕ್ಕೆ ಆ ಪಟ್ಟಿ. ಸಂಘದ ಸದಸ್ಯರ ದೂರವಾಣಿ ಪುಸ್ತಕದ ಹಾಗೆ ಎಂದುಕೊಳ್ಳಿ.

ಮುಂದೆ ಜಾಲ ಲೋಕಕ್ಕೆಲ್ಲ ತೆರೆಯಿತು. ಅಂಗಡಿಯವರು, ಲೇಖಕರು, ವಿದ್ಯಾರ್ಥಿಗಳು, ಗೃಹಿಣಿಯರು ಹೆಸರು ನೋಂದಾಯಿಸಿದರು. ಪುಸ್ತಕದ ಕ್ರಮ ಮಾತ್ರ ಹಳೆಯದೇ ಉಳಿಯಿತು. ಐಕಾನ್ ತನ್ನ ಒಪ್ಪಂದಗಳಲ್ಲಿ ಈ ವಿವರಗಳನ್ನು ಬಹಿರಂಗವಾಗಿ ಇಡುವುದನ್ನು ರಿಜಿಸ್ಟ್ರಾರ್‌ಗಳಿಗೆ ಕಡ್ಡಾಯ ಮಾಡಿತು. ಸದಸ್ಯರ ನಡುವೆ ಹಂಚಿದ ದೂರವಾಣಿ ಪುಸ್ತಕವನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದಂತಾಯಿತು.

ಇದರಿಂದ ಉಪಯೋಗ ಇರಲಿಲ್ಲವೆಂದಲ್ಲ. ಒಂದು ಮೋಸದ ತಾಣ ಸಿಕ್ಕರೆ ಅದರ ಮಿಂಚಂಚೆ ಹಿಡಿದು, ಅದೇ ಮಿಂಚಂಚೆಯಿಂದ ನೋಂದಾಯಿಸಿದ ಇನ್ನೂ ಹತ್ತಾರು ತಾಣಗಳನ್ನು ತನಿಖೆ ಮಾಡುವವರು ಪತ್ತೆ ಮಾಡುತ್ತಿದ್ದರು. ಕೊಟ್ಟ ಹೆಸರು ಸುಳ್ಳಾಗಿದ್ದರೂ ಎಲ್ಲ ಕಡೆ ಒಂದೇ ಸುಳ್ಳು ಬರೆದಿದ್ದರೆ ಸುಳಿವು ಸಿಗುತ್ತಿತ್ತು. ಪತ್ರಕರ್ತರು ಯಾವ ಸುದ್ದಿತಾಣದ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು. ವ್ಯಾಪಾರಿಗಳು ತಮ್ಮ ಹೆಸರನ್ನು ನಕಲು ಮಾಡಿದವರಿಗೆ ನೇರವಾಗಿ ನೋಟಿಸ್ ಕಳಿಸುತ್ತಿದ್ದರು.

ತೊಂದರೆಯೂ ಅಷ್ಟೇ ಇತ್ತು. ಪುಸ್ತಕದಿಂದ ಮಿಂಚಂಚೆ ವಿಳಾಸಗಳನ್ನು ಬಳಿದುಕೊಂಡು ಹೋಗುವವರು ಹುಟ್ಟಿಕೊಂಡರು. ಐಕಾನ್‌ನ ಭದ್ರತಾ ಸಲಹಾ ಸಮಿತಿಯೇ 2007ರಲ್ಲಿ ಪರೀಕ್ಷೆ ಮಾಡಿ, ಹೂಈಸ್‌ನಲ್ಲಿ ಕಾಣುವ ವಿಳಾಸಗಳಿಗೆ ಬೇಡದ ಅಂಚೆ ಬರುವುದು ನಿಜವೆಂದು ವರದಿ ಕೊಟ್ಟಿತು. ತಾಣದ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ ಎಂಬ ಸುಳ್ಳು ಬಿಲ್ಲುಗಳು ಮನೆ ವಿಳಾಸಕ್ಕೇ ಬರತೊಡಗಿದವು. ಇನ್ನೂ ಗಂಭೀರವಾದದ್ದು ಜೀವಭಯದ ವಿಷಯ. ಗಂಡನ ಹಿಂಸೆಯಿಂದ ದೂರ ಹೋಗಿ ಬದುಕುತ್ತಿರುವ ಹೆಣ್ಣುಮಗಳು, ಬಲಾಢ್ಯರ ವಿರುದ್ಧ ಬರೆಯುವ ವ್ಯಕ್ತಿ, ಇವರ ಮನೆ ಬಾಗಿಲು ಎಲ್ಲಿದೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಗಡಿ, ಭಾಷೆ, ಶಾಲೆ ಎಂದು ಬರೆಯುವವರನ್ನು ಎಲ್ಲರೂ ಮೆಚ್ಚುವುದಿಲ್ಲ ಎಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಪುಸ್ತಕ ತೆರೆದಿದ್ದರಿಂದ ಬಯಲಾದವರು ಹೆಚ್ಚಾಗಿ ಪ್ರಾಮಾಣಿಕರೇ. ಮೋಸಗಾರರು ಬಾಯಿಗೆ ಬಂದ ಹೆಸರು ಬರೆಯುತ್ತಿದ್ದರು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2005ರಲ್ಲಿ ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ಪುಸ್ತಕಗಳನ್ನು ಮಾದರಿ ತೆಗೆದು ನೋಡಿತು. ಸುಮಾರು 23 ಲಕ್ಷ ಹೆಸರುಗಳಲ್ಲಿ, ಅಂದರೆ ಶೇಕಡಾ 5ಕ್ಕಿಂತ ಸ್ವಲ್ಪ ಹೆಚ್ಚಿನವುಗಳಲ್ಲಿ, ನೋಡಿದ ಕೂಡಲೇ ಸುಳ್ಳೆಂದು ಗೊತ್ತಾಗುವ ವಿವರ ಇದೆ ಎಂದು ಅದು ಅಂದಾಜು ಮಾಡಿತು. ಮೇಲ್ನೋಟಕ್ಕೆ ಸರಿ ಕಾಣುವ ಸುಳ್ಳುಗಳು ಈ ಲೆಕ್ಕದಲ್ಲಿ ಸೇರಿಲ್ಲ.

2018ರ ಮೇ 25

ಬದಲಾವಣೆ ತಂದದ್ದು ಯುರೋಪು. ಜಿಡಿಪಿಆರ್ ಎಂಬ ಅಲ್ಲಿನ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು 2018ರ ಮೇ 25ರಂದು ಜಾರಿಗೆ ಬಂತು. ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು, ಕಾನೂನಿನ ಆಧಾರವಿಲ್ಲದೆ ಅದನ್ನು ಬಹಿರಂಗ ಮಾಡಬಾರದು ಎಂಬುದು ಅದರ ತಿರುಳು. ಗಂಭೀರ ಉಲ್ಲಂಘನೆಗೆ 2 ಕೋಟಿ ಯೂರೋ ಅಥವಾ ಕಂಪನಿಯ ಜಾಗತಿಕ ವಹಿವಾಟಿನ ಶೇಕಡಾ 4, ಎರಡರಲ್ಲಿ ಹೆಚ್ಚಿನದರವರೆಗೆ ದಂಡ. ಈ ಕಾನೂನನ್ನೂ ಐಕಾನ್ ಒಪ್ಪಂದವನ್ನೂ ಒಟ್ಟಿಗೆ ಪಾಲಿಸುವುದು ರಿಜಿಸ್ಟ್ರಾರ್‌ಗಳಿಗೆ ಸಾಧ್ಯವಿರಲಿಲ್ಲ. ಕಾನೂನು ಜಾರಿಗೆ ಬರಲು ಎಂಟು ದಿನ ಇರುವಾಗ, ಮೇ 17ರಂದು, ಐಕಾನ್ ಮಂಡಳಿ ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿತು. ವಿವರಗಳನ್ನು ಪಡೆಯುವುದು ಮುಂದುವರಿಯಲಿ, ಆದರೆ ವ್ಯಕ್ತಿಯ ಹೆಸರು, ಬೀದಿ, ಫೋನ್, ಮಿಂಚಂಚೆಯನ್ನು ಸಾರ್ವಜನಿಕರಿಗೆ ತೋರಿಸಬೇಕಾಗಿಲ್ಲ ಎಂದಿತು.

ಕಾನೂನು ಜಾರಿಯಾದ ದಿನವೇ ಐಕಾನ್ ಜರ್ಮನಿಯ ಬಾನ್ ನಗರದ ನ್ಯಾಯಾಲಯಕ್ಕೆ ಹೋಯಿತು. ಇಪ್ಯಾಗ್ ಎಂಬ ರಿಜಿಸ್ಟ್ರಾರ್ ಇನ್ನು ಮುಂದೆ ನೋಂದಣಿದಾರರ ವಿವರ ಮಾತ್ರ ಪಡೆಯುತ್ತೇನೆ, ಆಡಳಿತ ಸಂಪರ್ಕ, ತಾಂತ್ರಿಕ ಸಂಪರ್ಕ ಎಂದು ಬೇರೆಬೇರೆ ವ್ಯಕ್ತಿಗಳ ವಿವರ ಕೇಳುವುದಿಲ್ಲ ಎಂದಿತ್ತು. ಕೇಳಲೇಬೇಕೆಂದು ಐಕಾನ್ ವಾದ. ಆ ತಿಂಗಳು ಮುಗಿಯುವುದರೊಳಗೆ ನ್ಯಾಯಾಲಯ ಐಕಾನ್ ಕೋರಿಕೆಯನ್ನು ತಿರಸ್ಕರಿಸಿತು. ಆ ಹೆಚ್ಚುವರಿ ವಿವರ ಏಕೆ ಅಗತ್ಯವೆಂದು ಐಕಾನ್ ತೋರಿಸಿಲ್ಲ ಎಂದಿತು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಫಾರಂನಲ್ಲಿ ಕಾಲಂ ಇದೆ ಎಂಬುದೇ ಅದನ್ನು ತುಂಬಿಸಲು ಕಾರಣವಾಗುವುದಿಲ್ಲ.

ತಾತ್ಕಾಲಿಕ ನಿಯಮದ ಜಾಗಕ್ಕೆ ಶಾಶ್ವತ ನೀತಿ ಬರಲು ಬಹಳ ಕಾಲ ಹಿಡಿಯಿತು. ಅದು 2024ರ ಫೆಬ್ರವರಿ 21ರಂದು ಪ್ರಕಟವಾಗಿ 2025ರ ಆಗಸ್ಟ್ 21ರಂದು ಪೂರ್ಣ ಜಾರಿಗೆ ಬಂತು. ಹಳೆಯ ಹೂಈಸ್ ಸೇವೆಯ ಜಾಗಕ್ಕೆ ಆರ್‌ಡಿಎಪಿ ಎಂಬ ಹೊಸ ವಿಧಾನ ಬಂದಿದೆ. ಸಾಮಾನ್ಯ ಬಾಲಗಳಿಗೆ ಹೂಈಸ್ ನಡೆಸುವ ಕಡ್ಡಾಯ 2025ರ ಜನವರಿ 28ಕ್ಕೆ ಮುಗಿಯಿತು. ಕೇಳುವವರು ಯಾರೆಂದು ನೋಡಿ ಅದಕ್ಕೆ ತಕ್ಕಷ್ಟು ವಿವರ ಕೊಡುವ ವ್ಯವಸ್ಥೆಯನ್ನು ಹೊಸ ವಿಧಾನದಲ್ಲಿ ಮಾಡಬಹುದು. ಹಳೆಯದರಲ್ಲಿ ಎಲ್ಲರಿಗೂ ಒಂದೇ ಪುಟ.

ಮುಚ್ಚಿದ ಪುಸ್ತಕಕ್ಕೆ ಕೌಂಟರ್ ಎಲ್ಲಿದೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಪುಸ್ತಕ ಮುಚ್ಚಿತು. ನ್ಯಾಯವಾದ ಕಾರಣ ಇರುವವರು ಏನು ಮಾಡಬೇಕು?

ಹೊಸ ನೀತಿಯ ಪ್ರಕಾರ ಅವರು ರಿಜಿಸ್ಟ್ರಾರ್‌ಗೆ ಲಿಖಿತ ಮನವಿ ಕೊಡಬೇಕು. ತಾವು ಯಾರು, ಯಾವ ಹೆಸರಿನ ಯಾವ ವಿವರ ಬೇಕು, ಏಕೆ ಬೇಕು, ಅದಕ್ಕೆ ಕಾನೂನಿನ ಆಧಾರ ಏನು ಎಂದು ತಿಳಿಸಬೇಕು. ರಿಜಿಸ್ಟ್ರಾರ್ 2 ಕೆಲಸದ ದಿನಗಳೊಳಗೆ ಸ್ವೀಕೃತಿ ಕೊಡಬೇಕು, 30 ದಿನಗಳೊಳಗೆ ಉತ್ತರ ಕೊಡಬೇಕು. ಕೊಡಲಾಗದಿದ್ದರೆ ಕಾರಣ ಹೇಳಬೇಕು. ಇಂಥ ಮನವಿಗಳನ್ನು ಒಂದೇ ನಮೂನೆಯಲ್ಲಿ ಕಳಿಸಲು ಐಕಾನ್ 2023ರ ನವೆಂಬರ್ 28ರಂದು ಆರ್‌ಡಿಆರ್‌ಎಸ್ ಎಂಬ ಪ್ರಾಯೋಗಿಕ ಸೇವೆ ಆರಂಭಿಸಿತು. ಅದು ಮನವಿಯನ್ನು ತಲುಪಿಸುವ ಟಪಾಲು ವಿಭಾಗ ಮಾತ್ರ. ತೀರ್ಮಾನ ರಿಜಿಸ್ಟ್ರಾರ್‌ನದೇ. ಅದರಲ್ಲಿ ಸೇರುವುದನ್ನೂ ರಿಜಿಸ್ಟ್ರಾರ್‌ಗಳ ಇಷ್ಟಕ್ಕೆ ಬಿಟ್ಟು ಆರಂಭಿಸಿದರು.

30 ದಿನ ಎಂದ ಕೂಡಲೇ ನಮ್ಮ ಸದಸ್ಯರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ನೆನಪಾಗುತ್ತದೆ. ಹೋಲಿಸಿ ನೋಡುವುದು ಒಳ್ಳೆಯದೇ. ಮಾಹಿತಿ ಹಕ್ಕಿನಲ್ಲೂ 30 ದಿನ. ಆದರೆ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಉತ್ತರ ಬಾರದಿದ್ದರೆ, ಸಮಾಧಾನವಾಗದಿದ್ದರೆ ಮೊದಲ ಮೇಲ್ಮನವಿ. ಅದರ ಮೇಲೆ ಮಾಹಿತಿ ಆಯೋಗ. ಡೊಮೇನ್ ಪುಸ್ತಕದ ವಿಷಯದಲ್ಲಿ ಹಾಗಿಲ್ಲ. ತುರ್ತು ಮನವಿಗೆ ಎಷ್ಟು ಗಂಟೆಯ ಗಡುವು ಎಂಬುದರಲ್ಲಿ ಒಮ್ಮತ ಬಾರದೆ, 2024ರ ನೀತಿಯಲ್ಲಿ ಅದನ್ನು ಬಿಟ್ಟು ಮುಂದಿನ ಚರ್ಚೆಗೆ ಇಟ್ಟರು. ಮನವಿ ತೀರ್ಮಾನಿಸುವುದು ಸರ್ಕಾರಿ ಅಧಿಕಾರಿಯಲ್ಲ, ಒಂದು ಖಾಸಗಿ ಕಂಪನಿ. ಆ ಕಂಪನಿಗೆ ನೋಂದಣಿದಾರ ಗ್ರಾಹಕ, ಕೇಳುವವರು ಹೊರಗಿನವರು. ಕ್ರಮ ಪಾಲಿಸಿಲ್ಲ ಎಂದು ಐಕಾನ್‌ಗೆ ದೂರು ಕೊಡಬಹುದು. 'ತೀರ್ಮಾನ ತಪ್ಪು, ಮತ್ತೆ ನೋಡಿ' ಎಂದು ಕೇಳಲು ಮಾಹಿತಿ ಆಯೋಗದಂಥ ಪೀಠವಿಲ್ಲ. ಕೊನೆಗೆ ಪೊಲೀಸು ಅಥವಾ ನ್ಯಾಯಾಲಯವೇ ದಾರಿ.

ದೊಡ್ಡ ಕಂಪನಿಗಳಿಗೆ ಇನ್ನೊಂದು ದಾರಿ ಇದೆ. ತಮ್ಮ ಟ್ರೇಡ್‌ಮಾರ್ಕನ್ನು ಯಾರಾದರೂ ದುರುದ್ದೇಶದಿಂದ ತಾಣದ ಹೆಸರಾಗಿ ಮಾಡಿಕೊಂಡರೆ, 1999ರಿಂದ ಇರುವ ಯುಡಿಆರ್‌ಪಿ ಎಂಬ ಪಂಚಾಯ್ತಿ ಕ್ರಮದಲ್ಲಿ ದೂರು ಕೊಡಬಹುದು. ದೂರು ದಾಖಲಾದ ಮೇಲೆ ನೋಂದಣಿದಾರರ ವಿವರವನ್ನು ರಿಜಿಸ್ಟ್ರಾರ್ ಕೊಡಬೇಕಾಗುತ್ತದೆ. ಡಾಟ್ ಇನ್ ಹೆಸರುಗಳಿಗೆ ಐಎನ್‌ಡಿಆರ್‌ಪಿ ಎಂಬ ಇಂಥದೇ ಕ್ರಮ ಇದೆ. ಆದರೆ ಅದಕ್ಕೆ ಟ್ರೇಡ್‌ಮಾರ್ಕಿನಂಥ ಹಕ್ಕನ್ನು ತೋರಿಸಬೇಕು, ಶುಲ್ಕವೂ ಇದೆ. ಹಳ್ಳಿಯ ಭಜನಾ ಮಂಡಳಿ ಅಷ್ಟು ದೂರ ಹೋಗುವುದು ಕಷ್ಟ.

ಯುರೋಪು ತನ್ನ ತಕ್ಕಡಿಯನ್ನು ಮತ್ತೆ ಸರಿಪಡಿಸಲು ಹೊರಟಿರುವುದನ್ನೂ ಇಲ್ಲಿ ಹೇಳಬೇಕು. 2022ರಲ್ಲಿ ಅಂಗೀಕರಿಸಿದ ಎನ್‌ಐಎಸ್2 ಎಂಬ ಸೈಬರ್ ಭದ್ರತಾ ನಿರ್ದೇಶನದ 28ನೇ ವಿಧಿಯ ಪ್ರಕಾರ, ನೋಂದಣಿ ವಿವರ ನಿಖರವಾಗಿರಬೇಕು, ಪರಿಶೀಲನೆಯಾಗಬೇಕು. ವ್ಯಕ್ತಿಗಳಿಗೆ ಸಂಬಂಧಿಸದ ವಿವರ ಪ್ರಕಟವಾಗಬೇಕು. ಕಾನೂನುಬದ್ಧ ಕಾರಣ ಇರುವವರ ಮನವಿಗೆ 72 ಗಂಟೆಗಳೊಳಗೆ ಉತ್ತರ ಹೋಗಬೇಕು. ಪುಸ್ತಕವನ್ನು ಮುಚ್ಚಿಸಿದ ಯುರೋಪೇ ಕೌಂಟರಿನಲ್ಲಿ ಕೆಲಸ ಬೇಗ ಆಗಲಿ ಎನ್ನುತ್ತಿದೆ.

ನಮ್ಮ ಅಭಿಪ್ರಾಯ ಇಷ್ಟು. ಪುಸ್ತಕ ಮುಚ್ಚಿದ್ದು ಸರಿಯೇ. ಮನೆ ವಿಳಾಸವನ್ನು ಗೋಡೆಗೆ ಅಂಟಿಸುವ ಕಾಲ ಮತ್ತೆ ಬರಬಾರದು. ಆದರೆ ಪುಸ್ತಕ ಮುಚ್ಚಿದ ಮೇಲೆ ಕೌಂಟರ್ ತೆರೆದಿರಬೇಕು, ಅಲ್ಲಿ ಕೇಳಿದವರಿಗೆ ಕಾಲಮಿತಿಯೊಳಗೆ ಉತ್ತರ ಸಿಗಬೇಕು, ಯಾರು ಏಕೆ ಕೇಳಿದರು ಎಂಬುದು ದಾಖಲಾಗಬೇಕು, ಉತ್ತರ ಸರಿಯಿಲ್ಲದಿದ್ದರೆ ಮೇಲೆ ಹೋಗಲು ದಾರಿ ಇರಬೇಕು. ಖಾಸಗಿತನಕ್ಕೂ ತಿಳಿಯುವ ಹಕ್ಕಿಗೂ ನಡುವಿನ ಸಮತೋಲನ ಎಷ್ಟು ಮುಚ್ಚಿದೆ ಎಂಬುದರಲ್ಲಿ ಮಾತ್ರ ಇಲ್ಲ. ಕೌಂಟರ್ ಹೇಗೆ ನಡೆಯುತ್ತದೆ ಎಂಬುದರಲ್ಲಿ ಅದು ಹೆಚ್ಚಾಗಿ ಇದೆ.

ನಮ್ಮ ದೇಶದ ಮಾತು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ಹೆಸರು ಬಂದದ್ದು ಅರ್ಜಿದಾರರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ವಿಷಯ. ಈ ಹಕ್ಕಿಗೆ ಮಿತಿ ಹಾಕಬಾರದೆಂದು ಆ ತೀರ್ಪು ಹೇಳಲಿಲ್ಲ. ಮಿತಿ ಹಾಕುವುದಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು. ಡೊಮೇನ್ ಪುಸ್ತಕವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ. ಇದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಡಾಟ್ ಇನ್ ಹೆಸರುಗಳಲ್ಲಿ ಈಗ ಸಾರ್ವಜನಿಕರಿಗೆ ಕಾಣುವುದು ಸಾಮಾನ್ಯವಾಗಿ ಸಂಸ್ಥೆಯ ಹೆಸರು, ರಾಜ್ಯ, ದೇಶ. ಉಳಿದದ್ದು ಮುಚ್ಚಿರುತ್ತದೆ. ಆದರೆ ತಮ್ಮ ಬದಲು ಬೇರೊಂದು ಕಂಪನಿಯ ಹೆಸರು ತೋರಿಸುವ 'ಮರೆ ಸೇವೆ'ಗೆ ಡಾಟ್ ಇನ್‌ನಲ್ಲಿ ಅವಕಾಶವಿಲ್ಲ. ಹೊರಗಿನವರಿಗೆ ಮುಚ್ಚಿದ್ದರೂ ಒಳಗಿನ ಪುಸ್ತಕದಲ್ಲಿ ನಿಜವಾದ ಹೆಸರು ಇರಲೇಬೇಕು ಎಂಬುದು ಇದರ ಉದ್ದೇಶ. ಡಾಟ್ ಕಾಮ್‌ನಂಥವುಗಳಲ್ಲಿ ಮರೆ ಸೇವೆ ಸಿಗುತ್ತದೆ.

ನಮ್ಮ ಸಂಘಗಳು ಮಾಡಬೇಕಾದದ್ದು

ಮೇಲಿನದೆಲ್ಲ ದೊಡ್ಡವರ ವಿಷಯ ಎನಿಸಬಹುದು. ನಮ್ಮ ಮಟ್ಟದಲ್ಲಿ ಆಗಬೇಕಾದ ಕೆಲಸ ಕಡಿಮೆ, ಆದರೆ ಅಗತ್ಯ.

1. ಹೆಸರು ಸಂಘದ ಹೆಸರಿನಲ್ಲೇ ಇರಲಿ. ಉತ್ಸಾಹದ ಹುಡುಗನೊಬ್ಬ ತನ್ನ ಖಾತೆಯಿಂದ ನೋಂದಾಯಿಸಿ ಕೊಡುತ್ತಾನೆ. ನಾಲ್ಕು ವರ್ಷದ ಮೇಲೆ ಕೆಲಸ ಸಿಕ್ಕಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾನೆ. ತಾಣ ಅವನ ಹೆಸರಿನಲ್ಲೇ ಉಳಿಯುತ್ತದೆ. ಪುಸ್ತಕ ಮುಚ್ಚಿರುವುದರಿಂದ ಯಾರ ಹೆಸರಿನಲ್ಲಿದೆ ಎಂದು ಉಳಿದ ಪದಾಧಿಕಾರಿಗಳಿಗೆ ತಿಳಿಯುವುದೂ ಇಲ್ಲ. ಫಾರಂನಲ್ಲಿ ಸಂಸ್ಥೆ ಎಂಬ ಕಾಲಂ ಇರುತ್ತದೆ. ಅದರಲ್ಲಿ ನೋಂದಾಯಿತ ಸಂಘದ ಪೂರ್ಣ ಹೆಸರು ಬರೆಯಿರಿ. ಐಕಾನ್‌ನ ಹೊಸ ನೀತಿಯ ಪ್ರಕಾರ ಆ ಕಾಲಂನಲ್ಲಿ ಹೆಸರು ಇದ್ದರೆ ಸಂಸ್ಥೆಯೇ ನೋಂದಣಿದಾರ ಎಂದು ಪರಿಗಣಿಸುತ್ತಾರೆ.

2. ವಿಳಾಸ ಕಚೇರಿಯದು ಕೊಡಿ, ಫೋನ್ ಸಂಘದ್ದು ಕೊಡಿ. ಮಿಂಚಂಚೆ 'ಕಾರ್ಯದರ್ಶಿ' ಎಂಬ ಹುದ್ದೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ಪದಾಧಿಕಾರಿ ಬದಲಾದಾಗ ಗುಪ್ತಪದ ಕೈ ಬದಲಾದರೆ ಸಾಕು. ಆ ಮಿಂಚಂಚೆ ಅದೇ ತಾಣದ ಮೇಲೆ ನಡೆಯುವಂಥದ್ದಾಗದಿರಲಿ. ತಾಣ ನಿಂತ ದಿನ ಮಿಂಚಂಚೆಯೂ ನಿಂತುಹೋಗುತ್ತದೆ, ನವೀಕರಣದ ಸೂಚನೆ ಬರುವುದೇ ಇಲ್ಲ.

3. ಕೊಟ್ಟ ವಿವರ ನಿಜವಾಗಿರಲಿ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದವುಗಳಲ್ಲಿ ಹೊಸ ನೋಂದಣಿಯಾದಾಗ ರಿಜಿಸ್ಟ್ರಾರ್ ದೃಢೀಕರಣದ ಸಂದೇಶ ಕಳಿಸುತ್ತದೆ. 15 ದಿನಗಳೊಳಗೆ ಉತ್ತರಿಸದಿದ್ದರೆ ತಾಣ ಸ್ಥಗಿತವಾಗಬಹುದು. ಹಾಗೆಂದು ಬಂದ ಸಂದೇಶವನ್ನೆಲ್ಲ ನಂಬಬೇಡಿ. ಕಳಿಸಿದವರು ನೀವು ಹಣ ಕಟ್ಟಿದ ರಿಜಿಸ್ಟ್ರಾರೇ ಎಂದು ರಸೀದಿ ನೋಡಿ ಖಚಿತಪಡಿಸಿಕೊಳ್ಳಿ.

4. ರಿಜಿಸ್ಟ್ರಾರ್ ಹೆಸರು, ಅವಧಿ ಮುಗಿಯುವ ದಿನಾಂಕ, ಕಟ್ಟಿದ ಹಣ ಇವು ಸಂಘದ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ವಾರ್ಷಿಕ ಸಭೆಯಲ್ಲಿ ಆಸ್ತಿ ಪಟ್ಟಿ ಓದುವಾಗ ಕುರ್ಚಿ, ಮೈಕು, ಹಾರ್ಮೋನಿಯಂ ಜೊತೆಗೆ ತಾಣದ ಹೆಸರನ್ನೂ ಓದಿ.

5. ನಾವೇ ಮುಂದಾಗಿ ತೆರೆದಿಡಬೇಕಾದದ್ದನ್ನು ತೆರೆದಿಡೋಣ. ವ್ಯಕ್ತಿಗೆ ಖಾಸಗಿತನ ಇದೆ. ಆದರೆ ಜನರಿಂದ ದೇಣಿಗೆ ಪಡೆಯುವ ಸಂಸ್ಥೆ ತಾನು ಯಾರೆಂದು ಹೇಳಲೇಬೇಕು. ತಾಣದಲ್ಲಿ ಒಂದು ಪುಟ ಮಾಡಿ ಸಂಘದ ನೋಂದಣಿ ಸಂಖ್ಯೆ, ಕಚೇರಿ ವಿಳಾಸ, ಕಚೇರಿಯ ಫೋನ್, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಹಾಕಿ. ಪದಾಧಿಕಾರಿಗಳ ಮನೆ ವಿಳಾಸ ಬೇಡ.

6. ಸ್ವಂತ ಬರವಣಿಗೆಗೆ ತಾಣ ಮಾಡಿಕೊಳ್ಳುವ ಸದಸ್ಯರು ಸಂಸ್ಥೆಯ ಕಾಲಂ ಖಾಲಿ ಬಿಡಿ. ವೈಯಕ್ತಿಕ ವಿವರ ಮುಚ್ಚಿದೆಯೇ ಎಂದು ನೋಂದಣಿಯಾದ ಮೇಲೆ ಒಮ್ಮೆ ಹುಡುಕಿ ನೋಡಿ. ಮರೆ ಸೇವೆಗೆ ಬೇರೆ ಹಣ ಕೇಳಿದರೆ, ಅದಿಲ್ಲದೆಯೂ ಏನೇನು ಮುಚ್ಚಿರುತ್ತದೆ ಎಂದು ಮೊದಲು ಕೇಳಿ.

ನಕಲಿ ತಾಣ ಕಂಡರೆ

ಇಲ್ಲಿ ಒಂದು ಮಾತು ಮುಖ್ಯ. ತಾಣವನ್ನು ನಿಲ್ಲಿಸುವುದು ಬೇರೆ, ಅದರ ಹಿಂದಿರುವವರನ್ನು ಹಿಡಿಯುವುದು ಬೇರೆ. ಮೊದಲನೆಯದಕ್ಕೆ ಹೆಸರು ತಿಳಿಯಬೇಕಾಗಿಲ್ಲ.

ಐಕಾನ್‌ನ ಲುಕಪ್ ಪುಟದಲ್ಲಿ, ಡಾಟ್ ಇನ್ ಆದರೆ ನಿಕ್ಸಿಯ ರಿಜಿಸ್ಟ್ರಿ ಪುಟದಲ್ಲಿ, ತಾಣದ ಹೆಸರು ಹಾಕಿ ನೋಡಿ. ವ್ಯಕ್ತಿಯ ವಿವರ ಮುಚ್ಚಿದ್ದರೂ ಹೆಸರು ನೋಂದಣಿಯಾದ ದಿನಾಂಕ ಮತ್ತು ರಿಜಿಸ್ಟ್ರಾರ್ ಯಾರೆಂಬುದು ಕಾಣುತ್ತದೆ. ಡಾಟ್ ಕಾಮ್‌ನಂಥವುಗಳಲ್ಲಿ ದುರ್ಬಳಕೆ ದೂರಿನ ಮಿಂಚಂಚೆ, ಫೋನ್ ಕೂಡ ಇರುತ್ತವೆ. ನೂರು ವರ್ಷದ ದೇವಸ್ಥಾನದ ಜೀರ್ಣೋದ್ಧಾರ ಎಂದು ಹಣ ಕೇಳುವ ತಾಣ ಹುಟ್ಟಿ ಮೂರು ವಾರವಾಗಿದ್ದರೆ, ಹಣ ಕಳಿಸುವ ಮೊದಲು ದೇವಸ್ಥಾನಕ್ಕೇ ಫೋನ್ ಮಾಡಿ ವಿಚಾರಿಸಬೇಕು. ಪುಟಗಳ ಚಿತ್ರ ತೆಗೆದು, ದಿನಾಂಕ ಬರೆದು, ಆ ದೂರಿನ ವಿಳಾಸಕ್ಕೆ ಕಳಿಸಿ. ಗುಪ್ತಪದ, ಬ್ಯಾಂಕ್ ವಿವರ ಕದಿಯುವ ತಾಣಗಳ ಬಗ್ಗೆ ಸಾಕಷ್ಟು ಸಾಕ್ಷ್ಯ ಸಿಕ್ಕರೆ ರಿಜಿಸ್ಟ್ರಾರ್ ಕ್ರಮ ತೆಗೆದುಕೊಳ್ಳಲೇಬೇಕು ಎಂಬ ಷರತ್ತು ಐಕಾನ್ ಒಪ್ಪಂದದಲ್ಲಿ 2024ರ ಏಪ್ರಿಲ್ 5ರಿಂದ ಇದೆ.

ಹಣ ಹೋಗಿದ್ದರೆ ಕಾಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯಾವ ರಾಜ್ಯದ ಸದಸ್ಯರಾದರೂ ಸಂಖ್ಯೆ ಒಂದೇ. ಮುಚ್ಚಿದ ವಿವರವನ್ನು ಕೇಳಿ ಪಡೆಯುವುದು ಪೊಲೀಸರ ಕೆಲಸ; ನೀವು ಕೊಡುವ ದಿನಾಂಕ, ರಿಜಿಸ್ಟ್ರಾರ್ ಹೆಸರು, ಚಿತ್ರಗಳು ಅವರ ಕೆಲಸವನ್ನು ಹಗುರ ಮಾಡುತ್ತವೆ. ಬ್ಯಾಂಕ್ ತಾಣಗಳಿಗೆ ಈಗ ಸುಲಭದ ಗುರುತು ಬಂದಿದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಬಾಲಕ್ಕೆ ಬದಲಾಗಬೇಕಿತ್ತು. ಆ ಬಾಲದ ಹೆಸರನ್ನು ಬ್ಯಾಂಕಲ್ಲದವರಿಗೆ ಕೊಡುವುದಿಲ್ಲ. ಯಾರ ಮನೆ ವಿಳಾಸವನ್ನೂ ಬಯಲು ಮಾಡದೆ, ನೋಂದಣಿಯ ಬಾಗಿಲಲ್ಲೇ ಪರಿಶೀಲಿಸಿ ಜನರಿಗೆ ಭರವಸೆ ಕೊಡುವ ಕ್ರಮ ಇದು. ಇಂಥ ಕ್ರಮಗಳು ಹೆಚ್ಚಿದಷ್ಟೂ ಮುಚ್ಚಿದ ಪುಸ್ತಕ ತೆರೆಯಿರಿ ಎಂದು ಕೇಳುವ ಸಂದರ್ಭ ಕಡಿಮೆಯಾಗುತ್ತದೆ.

ಶಾಖೆಗಳ ಕಾರ್ಯದರ್ಶಿಗಳು ತಮ್ಮ ತಾಣ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಮುಂದಿನ ಕಾರ್ಯಕಾರಿ ಸಭೆಯೊಳಗೆ ನೋಡಿ ನಮಗೆ ತಿಳಿಸಬೇಕಾಗಿ ವಿನಂತಿ. ವೈಯಕ್ತಿಕ ಹೆಸರಿನಲ್ಲಿ ಇರುವುದನ್ನು ಸಂಘದ ಹೆಸರಿಗೆ ಬದಲಾಯಿಸಲು ಸಹಾಯ ಬೇಕಾದವರು ಸಂಘದ ಕಚೇರಿಗೆ ಬರೆಯಿರಿ. ಈಗ ಹೆಸರು ಯಾರ ಬಳಿ ಇದೆಯೋ ಅವರು ಊರಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಸುಲಭ.

ಇಂತು,
ಕಾರ್ಯದರ್ಶಿ